ಗೋಡೆಯ ಆಚೆ ಅಳುವ ಮಗಳು

ಬೇರೆಯವರ ಮಗುವನ್ನು ಸಂಬಳಕ್ಕೆ ನೋಡಿಕೊಂಡರೆ ಅದು ಕೆಲಸ. ಸ್ವಂತ ಮಗುವನ್ನು ನೋಡಿಕೊಂಡರೆ ಸರ್ಕಾರದ ಕಣ್ಣಿಗೆ ನೀವು ಸುಮ್ಮನೆ ಮನೆಯಲ್ಲಿ ಕೂತವರು. ಇದು ಯಾರಿಗೂ ಗೊತ್ತಿಲ್ಲದ ಸಂಗತಿಯೇನಲ್ಲ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೇವೆ, ಅಷ್ಟೇ.

ಅಮೆರಿಕದ ಓಹಾಯೋ ರಾಜ್ಯದ ಯಂಗ್ಸ್‌ಟೌನಿನ ಟ್ರೂಡಿ ನೋವಾಕ್‌ಗೆ ಇದು ಮುಖಕ್ಕೆ ಹೊಡೆದ ಹಾಗೆ ಗೊತ್ತಾದದ್ದು ಹೋದ ಮಾರ್ಚಿನಲ್ಲಿ, ಚರ್ಚಿನ ನೆಲಮಾಳಿಗೆಯಲ್ಲಿ. ತೆರಿಗೆಯ ಕಾಲ ಬಂತೆಂದರೆ ನಿವೃತ್ತ ಟೀಚರೊಬ್ಬರು ಅಲ್ಲಿ ಕೂತು ಊರವರ ಲೆಕ್ಕವನ್ನೆಲ್ಲ ಪುಕ್ಕಟೆ ಬರೆದುಕೊಡುತ್ತಾರೆ.

"ಮಗೂನ ನೋಡ್ಕೊಳ್ಳೋಕೆ ಯಾರಿಗೆ ದುಡ್ಡು ಕೊಡ್ತೀಯಮ್ಮ?"

"ಯಾರಿಗೂ ಇಲ್ಲ. ನಾನೇ ನೋಡ್ಕೋತೀನಿ."

"ಹಾಗಾದ್ರೆ ಈ ತೆರಿಗೆ ರಿಯಾಯಿತಿ ನಿಂಗೆ ಸಿಗಲ್ಲ. ನೀನು ಕೆಲಸಕ್ಕೆ ಹೋಗ್ಬೇಕು, ಮಗೂನ ದುಡ್ಡು ಕೊಟ್ಟು ಎಲ್ಲಾದ್ರೂ ಬಿಡ್ಬೇಕು."

"ಮತ್ತೆ ನಾನೀಗ ಮಾಡ್ತಿರೋದೇನು?"

ಟೀಚರ್ ಕನ್ನಡಕ ತೆಗೆದು ಒರೆಸಿದರು. "ಅದನ್ನ ಬರೆಯೋಕೆ ಇಲ್ಲಿ ಜಾಗ ಇಲ್ಲ ಕಣಮ್ಮ."

ಗಂಡ ವೇಯ್ನ್ ಬೇಕರಿಯ ವ್ಯಾನ್ ಓಡಿಸುತ್ತಾನೆ. ಅವನೊಬ್ಬನ ಸಂಬಳ ಬಾಡಿಗೆಗಾದರೆ ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಗ್ಯಾಸಿಗೆ ಸಾಲದು. ಟ್ರೂಡಿ ಕೆಲಸ ಹುಡುಕಿದಳು. ಅವಳಿಗೆ ಬರುತ್ತಿದ್ದ ಕೆಲಸ ಒಂದೇ, ಕೂಸುಗಳನ್ನು ನೋಡಿಕೊಳ್ಳುವುದು. ಡೇ ಕೇರ್‌ನವರು ಮರುದಿನವೇ ಬಾ ಎಂದರು. ಅಲ್ಲಿ ದುಡಿಯುವವರ ಮಕ್ಕಳಿಗೆ ಅರ್ಧ ಫೀಸು. ಹಾಗಾಗಿ ಹತ್ತು ತಿಂಗಳ ಮಗಳು ಜೂನ್ ಕೂಡ ಅಲ್ಲಿಗೇ ಸೇರಿದಳು.

"ನೀನು ಯಾರದೋ ಮಗೂಗೆ ಡೈಪರ್ ಹಾಕ್ತೀಯ, ನಮ್ಮ ಮಗಳಿಗೆ ಇನ್ಯಾರೋ ಹಾಕ್ತಾರೆ," ಎಂದು ವೇಯ್ನ್ ನಕ್ಕ. "ಅಷ್ಟಕ್ಕೆ ವಾಷಿಂಗ್ಟನ್ ಸರ್ಕಾರದವ್ರು ನಮ್ಮ ಬೆನ್ನು ತಟ್ತಾರೆ."

"ಡೈಪರ್ ಅಂದ್ರೆ ಮೂಗು ಮುಚ್ಕೊಂಡು ಓಡೋನು, ನಿಂಗ್ಯಾಕೆ ಆ ಮಾತು?"

ಆದರೆ ಅಲ್ಲೊಂದು ಕಟ್ಟಳೆಯಿತ್ತು. ಸ್ವಂತ ಮಗು ಇರುವ ಕೋಣೆಯಲ್ಲಿ ತಾಯಿ ಕೆಲಸ ಮಾಡುವ ಹಾಗಿಲ್ಲ. ತನ್ನ ಮಗುವಿನ ಮೇಲೆ ಹೆಚ್ಚು ಪ್ರೀತಿ ತೋರಿಸಿಬಿಡುತ್ತಾಳಂತೆ! ಜೂನ್ ಹಳದಿ ಕೋಣೆಯಲ್ಲಿ, ಟ್ರೂಡಿ ನೀಲಿ ಕೋಣೆಯಲ್ಲಿ. ನಡುವೆ ಒಂದು ತೆಳು ಗೋಡೆ.

ಮೂರನೆಯ ವಾರ ಒಂದು ಬೆಳಿಗ್ಗೆ ಗೋಡೆಯ ಆಚೆಯಿಂದ ಅಳು ಕೇಳಿತು. ಎಷ್ಟು ಕೂಸುಗಳು ಅತ್ತರೂ ತನ್ನದು ಯಾವುದೆಂದು ಟ್ರೂಡಿಗೆ ಗೊತ್ತು. ತೊಡೆಯ ಮೇಲೆ ಓವನ್ ಎಂಬ ಗಂಡುಕೂಸು ಬಾಟಲಿ ಕಚ್ಚಿಕೊಂಡು ಮಲಗಿತ್ತು. ಅದರ ತಾಯಿ ಆಸ್ಪತ್ರೆಯಲ್ಲಿ ನರ್ಸ್, ಪಾಪ, ಅವಳದೇನು ತಪ್ಪು? ಬಿಟ್ಟು ಏಳುವಂತಿಲ್ಲ. ಟ್ರೂಡಿ ಕೂತಲ್ಲಿಂದಲೇ ಗಟ್ಟಿಯಾಗಿ ಹಾಡಿದಳು. ಆಚೆಯ ಅಳು ಒಂದು ಉಸಿರಿನಷ್ಟು ನಿಂತು, ಮತ್ತೆ ಎರಡರಷ್ಟಾಯಿತು.

ಹಳದಿ ಕೋಣೆಯ ಹಿರಿಯಾಕೆ ಡೋರೀನ್ ಬಾಗಿಲಲ್ಲಿ ತಲೆ ಹಾಕಿದಳು. "ಹಾಡ್ಬೇಡ ಕಣೇ. ನಿನ್ನ ದನಿ ಕೇಳಿ ಬಾಗಿಲ ಕಡೆಗೇ ತೆವಳ್ತಿದಾಳೆ."

"ಹಲ್ಲು ಬರ್ತಿದೆ ಡೋರೀನ್. ವಸಡಿಗೆ ತಣ್ಣನೆ ಬಟ್ಟೆ ಒತ್ತು."

"ಒತ್ತಿದೆ, ನನ್ನ ಬೆರಳೇ ಕಚ್ಚಿದ್ಲು. ಅವಳಿಗೆ ಬೇಕಾಗಿರೋದು ಬಟ್ಟೆ ಅಲ್ಲ."

ಟ್ರೂಡಿ ಬಾಯಿ ಮುಚ್ಚಿಕೊಂಡಳು. ಮಗಳು ಅಳುತ್ತಿದ್ದಾಳೆಂದು ಹಾಡುವುದನ್ನು ನಿಲ್ಲಿಸಿದ ತಾಯಿ ಅವಳು.

ಡೋರೀನ್‌ಗೆ ತಡೆಯಲಾಗಲಿಲ್ಲ. "ಏಳು, ಊಟಕ್ಕೆ ಹೋಗು. ನಿನ್ನ ಜಾಗಕ್ಕೆ ಅಡುಗೆಮನೆಯಿಂದ ಪಾಮ್‌ನ ಕಳಿಸ್ತೀನಿ."

"ಇನ್ನೂ ಹತ್ತು ಗಂಟೆ ಕೂಡ ಆಗಿಲ್ವಲ್ಲ!"

"ಹಸಿವಾಗಿದೆ ಅನ್ನೇ, ಹುಚ್ಚಿ."

ಊಟದ ಅರ್ಧ ಗಂಟೆಗೆ ಸಂಬಳವಿಲ್ಲ. ಸಂಬಳವಿಲ್ಲದ ಹೊತ್ತಿನಲ್ಲಿ ಅವಳು ಕೆಲಸದವಳಲ್ಲ, ಬರೀ ಒಂದು ಮಗುವಿನ ತಾಯಿ. ತಾಯಿಯಾಗಿ ಹಳದಿ ಕೋಣೆಗೆ ಹೋಗಬಹುದು. ಟ್ರೂಡಿ ನೆಲದ ಮೇಲೆ ಕೂತು ಮಗಳನ್ನು ಎದೆಗೆ ಒತ್ತಿಕೊಂಡಳು. ಜೂನ್ ಅವಳ ಅಂಗಿಯ ಕಾಲರ್ ಕಚ್ಚಿ, ಬಿಕ್ಕಿ, ನಿದ್ದೆ ಹೋದಳು. ಚೀಲದಲ್ಲಿದ್ದ ಸ್ಯಾಂಡ್‌ವಿಚ್ ಹಾಗೇ ಉಳಿಯಿತು. ಅರ್ಧ ಗಂಟೆ ಮುಗಿದಾಗ ಮಗಳನ್ನು ಡೋರೀನ್ ಕೈಗಿಟ್ಟು ನೀಲಿ ಕೋಣೆಗೆ ನಡೆದಳು.

ಅವಳ ಊಟದ ಹೊತ್ತು ಈಗ ದಿನವೂ ಹೀಗೆಯೇ ಕಳೆಯುತ್ತದೆ. ಓಟು ಕೇಳಲು ನಿಮ್ಮ ಬಾಗಿಲಿಗೆ ಬರುವವರನ್ನು ನಿಲ್ಲಿಸಿ ಕೇಳಿ: ಮಗುವನ್ನು ಬಿಟ್ಟುಹೋಗುವ ತಾಯಿಗೆ ಕೊಡುವ ರಿಯಾಯಿತಿ, ಮಗುವನ್ನು ಎತ್ತಿಕೊಂಡು ಕೂತ ತಾಯಿಗೆ ಯಾಕಿಲ್ಲ? ಅವರು ಉತ್ತರ ಹೇಳುವವರೆಗೆ ಬಾಗಿಲು ಹಾಕಬೇಡಿ.