ದೊಡ್ಡಮ್ಮನ ಸರದಿ ನನ್ನ ಹೆಸರಿಗೆ

ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ನನ್ನ ತಂಗಿ ಕಂಪ್ಯೂಟರ್ ಓದಿ, ಹಂದನಕೆರೆ ಕಡೆಯ ನಮ್ಮೂರಿನಲ್ಲೇ ಕೂತು, ಕೊಬ್ಬರಿ ಸುಲಿಯುವವರ ಸರದಿ ಹಿಡಿಯಲು ಒಂದು ವೆಬ್‌ಸೈಟ್ ಮಾಡಿದಳು. ಸುಲಿಯುವವರು ಸಿಗುವುದೇ ಕಷ್ಟವಾದ್ದರಿಂದ ಊರೆಲ್ಲ ಅದಕ್ಕೆ ಒಗ್ಗಿಕೊಂಡಿತು.

ಪ್ರತಿ ಸಲ ಪಾಸ್‌ವರ್ಡ್ ಒತ್ತುವುದು ನನಗೆ ತಲೆನೋವು. "ಒಂದ್ಸಲ ಹೇಳಿದ್ಮೇಲೆ ನಿನ್ ಸರ್ವರ್‌ಗೆ ನಾನ್ಯಾರು ಅಂತ ಗ್ಯಾಪಕ ಇರ್ಬಾರ್ದೇನೇ?" ಎಂದು ಪೀಡಿಸಿದೆ. ಕೊನೆಗೆ ಅವಳು ಕುಕಿಯ ಅವಧಿಯನ್ನು ಉದ್ದ ಮಾಡಿದಳು. ಒಂದೇ ಅಟ್ಟದಲ್ಲಿ ಇಬ್ಬರ ಕಾಯಿ ಹಾಕುವಾಗ ಸುಣ್ಣದ ಗುರುತು ಇಡುತ್ತೇವಲ್ಲ, ಹಾಗೆ ಸರ್ವರ್ ಫೋನಿಗೆ ಒಂದು ಗುರುತು ಕಳಿಸುತ್ತದಂತೆ, ಅದೇ ಕುಕಿ. ಬ್ರೌಸರ್ ಅದನ್ನು ಇಟ್ಟುಕೊಂಡು, ಮತ್ತೆ ಹೋದಾಗಲೆಲ್ಲ ತೋರಿಸುತ್ತದಂತೆ.

"ಆದ್ರೆ ಗುರುತು ಇರೋದು ಫೋನಿಗೆ ಕಣಣ್ಣ, ನಿನ್ ಮುಖಕ್ಕಲ್ಲ. ಬೇರೆಯೋರಿಗೆ ಸರದಿ ಹಿಡಿಯೋವಾಗ ಲಾಗ್‌ಔಟ್ ಆಗು."

ಹೂಂ ಎಂದೆ.

ಪಕ್ಕದ ಮನೆಯ ದೊಡ್ಡಮ್ಮನ ಹತ್ತಿರ ಇಂಥ ಫೋನಿಲ್ಲ. "ನಂಗೂ ಒಂದು ಸರದಿ ಹಿಡ್ಕೊಡಪ್ಪ" ಎಂದು ಬಂದರು. ಲಾಗ್‌ಔಟ್ ಆಗುವುದಕ್ಕೆ ಸೋಮಾರಿತನ, ಹಾಗೇ ಒತ್ತಿದೆ. ಸರದಿ ನನ್ನ ಹೆಸರಿಗೆ ಬಿತ್ತು. ಸುಲಿಯುವವರು ಬಂದ ದಿನ ನಾನು ಹುಳಿಯಾರಿಗೆ ಹೋಗಿದ್ದೆ. ಬರುವಷ್ಟರಲ್ಲಿ ನಮ್ಮ ಅಂಗಳದಲ್ಲಿ ಕೊಬ್ಬರಿ ಸುಲಿದು ಮುಗಿದಿತ್ತು. ದೊಡ್ಡಮ್ಮ ತಮ್ಮ ಮನೆಯಲ್ಲಿ ಅಟ್ಟದಿಂದ ಇಳಿಸಿದ ಕಾಯಿಯ ಮುಂದೆ ಕೂತೇ ಇದ್ದರು.

"ಅಣ್ಣಂಗೆ ಮೊದ್ಲು ಕೊಡೋ ಕಂಪ್ಯೂಟ್ರು ಕಣ್ರಪ್ಪ ಅದು" ಎಂದು ಹಾಲಿನ ಡೈರಿ ಮುಂದೆ ಜನ ನಕ್ಕರು. ತಂಗಿ ನಗಲಿಲ್ಲ. ತಾನು ಬರೆದದ್ದರಲ್ಲೇ ತಪ್ಪಿರಬೇಕೆಂದು ಊಟ ಬಿಟ್ಟು ಹುಡುಕಿದಳು. ನನಗೆ ಗೊತ್ತಿತ್ತು. ಓದದವನ ದಡ್ಡತನ ಅಂದಾರು ಎಂದು ಬಾಯಿ ಬಿಡಲಿಲ್ಲ.

"ಜನ ನಂಬದ ಮೇಲೆ ಯಾಕಣ್ಣ? ಮುಚ್ಚಿಬಿಡ್ತೀನಿ" ಎಂದಾಗ ಮಾತ್ರ ಹೇಳಿದೆ.

ಅವಳು ಕಂಪ್ಯೂಟರ್ ಬಿಟ್ಟು ಎದ್ದಳು. "ನನಗೆ ಹೇಳಿದ್ದು ಸಾಲ್ದು. ಡೈರಿ ಮುಂದೆ ಹೋಗಿ ಹೇಳು."

ಹಾಲಿನ ಕ್ಯಾನು ಹಿಡಿದು ನಿಂತವರೆದುರು ಹೇಳಿದೆ. ದೊಡ್ಡಮ್ಮನೂ ಅಲ್ಲಿದ್ದರು. "ಹೋಗ್ಲಿ ಬುಡಪ್ಪ. ಅವತ್ತೇ ಅಂದಿದ್ರೆ ಆ ಹುಡ್ಗೀನ ನಾನೂ ಬೈತಿರ್ಲಿಲ್ಲ" ಎಂದರು. ಅದು ಇನ್ನೂ ಚುಚ್ಚುತ್ತದೆ.

ಸೈಟು ಉಳಿಯಿತು. ಕುಕಿಯ ಅವಧಿ ಮೊಟಕಾಯಿತು. ಸರದಿ ಯಾರ ಹೆಸರಿಗೆ ಎಂದು ಈಗ ದೊಡ್ಡ ಅಕ್ಷರದಲ್ಲಿ ಕೇಳುತ್ತದೆ. ದೊಡ್ಡಮ್ಮ ನನ್ನನ್ನು ದಾಟಿಕೊಂಡು ನೇರ ತಂಗಿಯ ಪಕ್ಕ ಹೋಗಿ ಕೂರುತ್ತಾರೆ. ನಾನು ಇಬ್ಬರಿಗೂ ಕಾಫಿ ತಂದಿಡುತ್ತೇನೆ.