ಫೆರೆಟ್ ಗಬ್ಬವಾದ ವರ್ಷ

ನಾನು ಚಿಕ್ಕವಳಿದ್ದಾಗ ಅಮ್ಮ ತಿಂಗಳಿಗೆ ಮೂರು ದಿನ ಅಡುಗೆಮನೆಗೆ ಬರುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ ಕಾಗೆ ಮುಟ್ಟಿದೆ ಎನ್ನುತ್ತಿದ್ದರು. ಅದನ್ನು ನಂಬಿ ಹಿತ್ತಲಿಗೆ ಬಂದ ಕಾಗೆಗಳಿಗೆಲ್ಲ ಕಲ್ಲು ಹೊಡೆದವಳು ನಾನು. ನನ್ನ ಸರದಿ ಬಂದ ದಿನ ಯಾವ ಕಾಗೆಯೂ ಹತ್ತಿರ ಸುಳಿದಿರಲಿಲ್ಲ. ಹಾಗಾಗಿ ಏನೋ ದೊಡ್ಡ ರೋಗವೇ ಬಂದಿದೆ ಎಂದುಕೊಂಡು ಶಾಲೆಯ ಬಚ್ಚಲಲ್ಲಿ ಅಳುತ್ತ ಕೂತಿದ್ದೆ. ಮುಂದೆ ನನಗೆ ಮಗಳು ಹುಟ್ಟಿದಾಗ, ಇವಳಿಗೆ ಮಾತ್ರ ಹೀಗಾಗಬಾರದು, ಕಾಲ ಬರುವ ಮೊದಲೇ ನಾನೇ ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಹೇಳಬೇಕು ಎಂದು ನಿಶ್ಚಯ ಮಾಡಿಕೊಂಡೆ.

ಮಗಳು ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಬೆಳೆದು ಹನ್ನೊಂದು ದಾಟಿದಳು. ನಾನು ಇನ್ನೂ ಬಾಯಿ ಬಿಟ್ಟಿರಲಿಲ್ಲ. ಈ ಭಾನುವಾರ ಹೇಳೋಣ, ಚಳಿ ಕಳೆಯಲಿ ಹೇಳೋಣ ಎಂದು ಮುಂದೂಡುತ್ತಲೇ ಇದ್ದೆ. ಶಾಲೆಯಲ್ಲಿ ನಾಲ್ಕನೇ ತರಗತಿಯಲ್ಲೇ ಹೇಳಿಕೊಟ್ಟಿದ್ದಾರಲ್ಲ ಎಂಬ ನೆಪವೂ ಇತ್ತು. ನಿಜವೆಂದರೆ ನನ್ನ ಬಳಿ ಪದಗಳಿರಲಿಲ್ಲ. ಆ ವಿಷಯಕ್ಕೆ ನನಗೆ ಗೊತ್ತಿದ್ದ ಕನ್ನಡ ಒಂದೋ ಬೈಗುಳ, ಇಲ್ಲವೇ ಕಾಗೆ.

ಫೆರೆಟ್‌ಗಳು ಬಂದದ್ದು ಆ ಶರತ್ಕಾಲದಲ್ಲಿ. ಕೆಳಗಿನ ಮನೆಯ ವಿದ್ಯಾರ್ಥಿನಿಯೊಬ್ಬಳು ಊರು ಬಿಡುವಾಗ, ಸಾಕಲಾಗುವುದಿಲ್ಲ ಎಂದು ತನ್ನ ಎರಡು ಮರಿಗಳನ್ನು ನಮ್ಮ ಮಗಳಿಗೆ ಕೊಟ್ಟು ಹೋದಳು. ಮುಂಗುಸಿಯ ದೂರದ ನೆಂಟರಂತೆ ಉದ್ದನೆ ಮೈ, ಚೂಪು ಮೂತಿ, ಯಾವಾಗಲೂ ಕಾಲ್ಚೀಲ ಕದಿಯುವ ಬುದ್ಧಿ. ಮನೆಗೆಲ್ಲ ಒದ್ದೆ ಗೋಣಿಚೀಲದ ವಾಸನೆ ಬಂತು. ಒಂದು ಗಂಡು, ಒಂದು ಹೆಣ್ಣು, ಒಂದೇ ಹೊಟ್ಟೆಯವು. ಒಂದರ ಕತ್ತಿನ ಮೇಲೆ ಇನ್ನೊಂದು ತಲೆಯಿಟ್ಟು ಮಲಗುತ್ತಿದ್ದವು. ಮನೆಗೆ ಬಂದವರಿಗೆಲ್ಲ, ನೋಡಿ ಅಣ್ಣ ತಂಗಿ ಎಷ್ಟು ಅನ್ಯೋನ್ಯವಾಗಿವೆ, ನಮ್ಮ ಮನೆಗಳಲ್ಲಿ ಹೀಗಿದ್ದರೆ ಆಸ್ತಿ ಭಾಗವೇ ಆಗುತ್ತಿರಲಿಲ್ಲ ಎಂದು ತೋರಿಸುತ್ತಿದ್ದೆ.

ನವೆಂಬರಿನಲ್ಲಿ ಲಸಿಕೆ ಹಾಕಿಸಲು ಪ್ರಾಣಿಗಳ ಡಾಕ್ಟರ ಬಳಿ ಹೋದೆವು. ನನ್ನ ಜರ್ಮನ್ ಅಂಗಡಿಗೆ, ಟ್ರಾಮಿಗೆ ಸಾಲುತ್ತದೆ. ಕೇಳಿಸಿಕೊಂಡರೆ ಮುಕ್ಕಾಲು ಅರ್ಥವಾಗುತ್ತದೆ. ಆದರೆ ಮಾತಾಡುವ ಕೆಲಸವನ್ನು ಮಗಳಿಗೇ ಬಿಡುವುದು ರೂಢಿಯಾಗಿಬಿಟ್ಟಿತ್ತು. ಡಾಕ್ಟರಮ್ಮ ಎರಡನ್ನೂ ಎತ್ತಿ ಹಿಡಿದು, ಹಿಂಭಾಗ ನೋಡಿ, ಏನೋ ಕೇಳಿದರು.

"ಅಮ್ಮಾ, ಇವಕ್ಕೆ ಆಪರೇಷನ್ ಮಾಡ್ಸಿದೀವಾ ಅಂತ. ಬೇಬೀಸ್ ಆಗ್ದೇ ಇರೋ ಥರ."

ಆಮೇಲೆ ಡಾಕ್ಟರಮ್ಮ ವಿವರಿಸತೊಡಗಿದರು. ವಸಂತ ಬಂದಾಗ ಹೆಣ್ಣು ಬೆದೆಗೆ ಬರುತ್ತದೆ, ಆಗ ಅದರ ಮೈ ಹೀಗಾಗುತ್ತದೆ, ಗಂಡು ಹೀಗೆ ಮಾಡುತ್ತದೆ ಎಂದು ಕೈಸನ್ನೆ ಸಮೇತ. ಮಗಳು ಅನುವಾದ ಮಾಡಲು ಬಾಯಿ ತೆರೆದಳು. ನನಗೆ ಮುಖವೆಲ್ಲ ಬಿಸಿಯಾಯಿತು. ಆ ಮಾತುಗಳು ಅವಳ ಬಾಯಿಂದ ನನ್ನ ಕಿವಿಗೆ ಬೀಳುವುದನ್ನು ತಡೆದರೆ ಸಾಕಾಗಿತ್ತು.

"ಗೊತ್ತು ಅಂತ ಹೇಳು," ಎಂದೆ. "ಅಣ್ಣ ತಂಗಿ ಅಂತೆ, ಏನೂ ಬೇಕಾಗಿಲ್ಲ ಅನ್ನು. ಬಾ, ಹೊತ್ತಾಯ್ತು."

ಅವಳು ನನ್ನನ್ನು ಒಮ್ಮೆ ನೋಡಿ, ಹಾಗೇ ಹೇಳಿದಳು. ಡಾಕ್ಟರಮ್ಮ ಹುಬ್ಬೇರಿಸಿ ಇನ್ನೇನೋ ಹೇಳುವಷ್ಟರಲ್ಲಿ ನಾನು ಪೆಟ್ಟಿಗೆ ಎತ್ತಿಕೊಂಡಾಗಿತ್ತು. ಪ್ರಾಣಿಗಳಿಗೆ ಅಣ್ಣ ತಂಗಿ ಎಂಬ ಲೆಕ್ಕವಿಲ್ಲ ಎನ್ನುವುದು ನನಗೆ ತಿಳಿಯದ್ದೇನಲ್ಲ. ತಿಳಿಯದವಳಂತೆ ಇದ್ದರೆ ಬೇಗ ಮನೆ ಸೇರಬಹುದಿತ್ತು, ಅಷ್ಟೆ.

ಮಾರ್ಚ್ ಬಂತು. ಗಂಡಿನ ವಾಸನೆ ಹೆಚ್ಚಿತು. ಹೆಣ್ಣಿನ ಬಾಲದ ಕೆಳಗೆ ಊದಿಕೊಂಡಿತು. ಮಗಳು ತೋರಿಸಿದಾಗ, ಏನೋ ಕಚ್ಚಿರಬೇಕು ಬಿಡು ಎಂದು, ಅವಳು ಶಾಲೆಗೆ ಹೋದ ಮೇಲೆ ಅರಿಸಿನ ಕಲಸಿದ ಕೊಬ್ಬರಿ ಎಣ್ಣೆ ಹಚ್ಚಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ. ನಾನು ಕಣ್ಣು ಮುಚ್ಚಿ ಎಣ್ಣೆ ಹಚ್ಚುತ್ತಿದ್ದೆ.

ಯುಗಾದಿಗೆ ನನ್ನ ಗಂಡನ ಆಫೀಸಿನ ಎರಡು ಕನ್ನಡದ ಸಂಸಾರಗಳನ್ನು ಊಟಕ್ಕೆ ಕರೆದಿದ್ದೆವು. ಬೆಳಗಿನಿಂದ ನಾನು ಹೋಳಿಗೆ ತಟ್ಟುತ್ತ ನಿಂತಿದ್ದೆ. ಮಗಳು ಅಡುಗೆಮನೆ ಬಾಗಿಲಿಗೆ ಬಂದು, ಅಮ್ಮಾ ಒಂದ್ನಿಮಿಷ ಬಾ ಎಂದಳು. ಕೈ ತುಂಬ ಹೂರಣ, ಹಂಚಿನ ಮೇಲೆ ಹೋಳಿಗೆ, ಆಮೇಲೆ ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಬಂದಳು. ನೆಂಟರು ಹೋಗಲಿ ಕಣೇ ಎಂದು ಗದರಿದೆ.

ಎಲ್ಲರೂ ಎಲೆಯ ಮುಂದೆ ಕೂತಿದ್ದಾಗ ಒಳಗಿನಿಂದ ಕಿರುಚಾಟ ಕೇಳಿಸಿತು. ಗಂಡು ಫೆರೆಟ್ ಹೆಣ್ಣಿನ ಕತ್ತು ಕಚ್ಚಿ ಹಿಡಿದು, ದರದರ ಎಳೆದುಕೊಂಡು ಹಾಲ್ ದಾಟಿ, ಎಲ್ಲರ ಕಣ್ಣೆದುರೇ ಸೋಫಾದ ಹಿಂದೆ ಹೋಯಿತು. ಬಂದವರಲ್ಲಿ ಒಬ್ಬಾಕೆ, ಅಯ್ಯೋ ಸಾಯಿಸಿಬಿಡುತ್ತಲ್ಲ ಎಂದು ಎದ್ದು ನಿಂತರು. ಅಣ್ಣ ತಂಗಿ ಅಲ್ವಾ, ಇವುಗಳದ್ದು ದಿನಾ ಜಗಳ ಎಂದು ನಾನು ನಕ್ಕೆ.

ಮಗಳು ಕೋಣೆಯಿಂದ ಹೊರಗೆ ಬಂದಿದ್ದಳು. ಮುಖ ಬಾಡಿತ್ತು.

"ಜಗಳ ಅಲ್ಲಮ್ಮ, ಮೇಟ್ ಮಾಡ್ತಿವೆ. ಡಾಕ್ಟರ್ ಹೇಳಿದ್ರಲ್ಲ."

ಗಂಡಸೊಬ್ಬರು ಹೋಳಿಗೆಯ ಮೇಲೆ ಇನ್ನಷ್ಟು ತುಪ್ಪ ಸುರಿದುಕೊಂಡು ಅದನ್ನೇ ನೋಡುತ್ತ ಕೂತರು. ಇನ್ನೊಬ್ಬಾಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಭೂಮಿ ಬಾಯಿ ಬಿಡಬಾರದೆ ಎನ್ನಿಸಿತು. ಸೋಫಾದ ಮೇಲೆ ಬೆಡ್‌ಶೀಟ್ ಎಸೆದು, ಮಗಳ ರೆಟ್ಟೆ ಹಿಡಿದು ಕೋಣೆಯವರೆಗೆ ಎಳೆದುಕೊಂಡು ಹೋದೆ.

"ನಾಚಿಕೆ ಆಗಲ್ವಾ ನಿಂಗೆ?" ಎಂದೆ. "ಅವ್ರು ಹೋಗೋ ತನಕ ಆಚೆ ಬರ್ಬೇಡ."

ಅವರು ಹೋದ ಮೇಲೂ ಅವಳು ಬರಲಿಲ್ಲ. ಬೆಳಿಗ್ಗೆ ಏನೋ ಕರೆದಿದ್ದಳಲ್ಲ ಎಂಬುದು ಪಾತ್ರೆ ತೊಳೆಯುವಾಗ ನೆನಪಾಯಿತು. ಆದರೆ ನನಗೆ ಅವಳ ಮೇಲೆ ಇನ್ನೂ ಸಿಟ್ಟಿತ್ತು. ಕೇಳಲಿಲ್ಲ.

ಸಂಜೆ ಗಂಡು ಫೆರೆಟ್ಟನ್ನು ಬೇರೆ ಕೋಣೆಗೆ ಹಾಕಿದೆ. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಡಾಕ್ಟರಿಗೆ ತೋರಿಸೋಣ ಎಂದು ಮಗಳು ಎರಡು ಮೂರು ಸಲ ಹೇಳಿದಳು. ಆಮೇಲೆ ಹೇಳುವುದನ್ನೂ ಬಿಟ್ಟಳು. ಆ ವಾರಗಳಲ್ಲಿ ಅವಳು ಬಹಳ ಶಾಂತಳಾಗಿಬಿಟ್ಟಳು. ತನ್ನ ಬಟ್ಟೆ, ಹಾಸಿಗೆಯ ಹೊದಿಕೆ ಎಲ್ಲವನ್ನೂ ತಾನೇ ನೆಲಮಾಳಿಗೆಯ ವಾಶ್‌ಕೆಲ್ಲರ್‌ಗೆ ಒಯ್ದು ಒಗೆದುಕೊಂಡು ಬರತೊಡಗಿದಳು. ನನಗೆ ಹೆಮ್ಮೆಯೋ ಹೆಮ್ಮೆ. ಮೈಸೂರಿನಲ್ಲಿರುವ ಅಮ್ಮನಿಗೆ ಫೋನ್ ಮಾಡಿ, ನೋಡಮ್ಮ, ಹೇಳದೆ ಕೇಳದೆ ಎಷ್ಟು ಜವಾಬ್ದಾರಿ ಬಂದಿದೆ ಹುಡುಗಿಗೆ ಎಂದು ಕೊಚ್ಚಿಕೊಂಡೆ.

ಫೆರೆಟ್‌ನ ಹೊಟ್ಟೆ ನೆಲಕ್ಕೆ ತಾಗುವಂತಾದ ಮೇಲೆ ನಾನೇ ಮಗಳನ್ನು ಕರೆದುಕೊಂಡು ಹೊರಟೆ. ಡಾಕ್ಟರಮ್ಮ ಮುಟ್ಟಿ ನೋಡಿ, ಗಬ್ಬವಾಗಿದೆ, ಇನ್ನೇನು ದಿನ ಹತ್ತಿರ ಎಂದರು. ಆಮೇಲೆ, ಸಿಟ್ಟಿಲ್ಲದೆಯೇ, ನಾನು ಆಗಲೇ ಇಷ್ಟೆಲ್ಲ ವಿವರಿಸಿದ್ದೆನಲ್ಲ, ಯಾಕೆ ಹೀಗಾಯಿತು ಎಂದು ಕೇಳಿದರು. ಅದು ನನಗೆ ಪೂರ್ತಿ ಅರ್ಥವಾಯಿತು. ಮಗಳು ಕೊಟ್ಟ ಉತ್ತರವೂ ಅರ್ಥವಾಯಿತು. ತಪ್ಪು ನನ್ನದು, ನನಗೇ ಸರಿಯಾಗಿ ತಿಳಿಯದೆ ಅಮ್ಮನಿಗೆ ತಪ್ಪಾಗಿ ಹೇಳಿಬಿಟ್ಟೆ, ಅಮ್ಮನಿಗೆ ಗೊತ್ತಿರಲಿಲ್ಲ ಎಂದಳು.

ಡಾಕ್ಟರಮ್ಮ ಅವಳ ಭುಜ ತಟ್ಟಿ, ಇಷ್ಟು ದೊಡ್ಡ ವಿಷಯವನ್ನು ಮಗುವಿನ ಮೇಲೆ ಹಾಕಬಾರದಿತ್ತು ಎಂದು ನನ್ನ ಕಡೆ ನೋಡಿದರು. ನಾನು ಆಗಲೇ ಇಲ್ಲ ಎನ್ನಬೇಕಿತ್ತು. 'ನೈನ್' ಎನ್ನುವುದಕ್ಕೆ ಎಷ್ಟು ಜರ್ಮನ್ ಬೇಕು? ಪೆಟ್ಟಿಗೆಯ ಹಿಡಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ.

ಈ ಸಲ ಮಗಳು ಒಂದನ್ನೂ ಬಿಡದೆ ಅನುವಾದ ಮಾಡಿದಳು. ಒಡಹುಟ್ಟಿದವುಗಳಿಗೆ ಹುಟ್ಟುವ ಮರಿಗಳಲ್ಲಿ ಕೆಲವು ನಿಶ್ಶಕ್ತವಾಗಿರಬಹುದು. ಹೆರಿಗೆಯ ಹೊತ್ತಿನಲ್ಲಿ ಗಲಾಟೆ ಮಾಡಿದರೆ ಗಾಬರಿಯಾಗಿ ತಾಯಿಯೇ ಮರಿಗಳನ್ನು ಕೊಂದುಬಿಡಬಹುದು. ಹಾಗೆಂದು ಮುಂದೆ ಗಂಡನ್ನು ದೂರ ಇಟ್ಟ ಮಾತ್ರಕ್ಕೆ ಮುಗಿಯುವುದಿಲ್ಲ. ಗಂಡು ಸಿಗದಿದ್ದರೆ ಹೆಣ್ಣಿನ ಬೆದೆ ತಾನಾಗಿ ಇಳಿಯದೆ, ರಕ್ತ ಕೆಟ್ಟು ಸಾಯುತ್ತದೆ. ಮರಿಗಳು ಹಾಲು ಬಿಟ್ಟ ಮೇಲೆ ಆಪರೇಷನ್ನಾದರೂ ಮಾಡಿಸಬೇಕು, ಚರ್ಮದಡಿ ಹಾರ್ಮೋನಿನ ಚಿಪ್ ಆದರೂ ಹಾಕಿಸಬೇಕು. ಇದನ್ನೆಲ್ಲ ಅವಳು ಸಾರಿಗೆ ಎಷ್ಟು ಬೇಳೆ ಹಾಕಬೇಕು ಎಂದು ಹೇಳುವಷ್ಟೇ ಸರಾಗವಾಗಿ ಹೇಳಿದಳು. ತಲೆ ತಗ್ಗಿಸಿದ್ದು ನಾನು.

ಟ್ರಾಮಿನಲ್ಲಿ, ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದೆ.

"ನಿಂಗೆ ಶೇಮ್ ಆಗತ್ತಲ್ಲ," ಎಂದು ಕಿಟಕಿಯ ಕಡೆ ತಿರುಗಿದಳು.

ಆ ದಿನವೇ ಅವಳನ್ನು ಕೂರಿಸಿಕೊಂಡು ಹೇಳಬೇಕೆಂದು ಹೊರಟೆ. ಎರಡು ಸಲ ಅವಳ ಕೋಣೆಯವರೆಗೆ ಹೋಗಿ, ಹಾಲು ಬೇಕಾ ಎಂದು ಕೇಳಿ ವಾಪಸು ಬಂದೆ.

ಮೇ ತಿಂಗಳ ಒಂದು ಮಧ್ಯಾಹ್ನ ಫೆರೆಟ್ ಸ್ಟೋರ್ ರೂಮಿನ ಪೆಟ್ಟಿಗೆಯಲ್ಲಿ ಮರಿ ಹಾಕಿತು. ನಾವಿಬ್ಬರೂ ಬಾಗಿಲ ಹೊರಗೆ ಉಸಿರು ಬಿಗಿ ಹಿಡಿದು ಕೂತಿದ್ದೆವು. ಬೆರಳುದ್ದದ, ಕಣ್ಣು ಬಿಡದ, ತಿಳಿಗೆಂಪು ಮರಿಗಳು. ಎರಡು ಸತ್ತೇ ಹುಟ್ಟಿದವು. ಇನ್ನೊಂದು ಸಂಜೆಯೊಳಗೆ ತಣ್ಣಗಾಯಿತು. ಉಳಿದವು ಮೊಲೆ ಹುಡುಕಿಕೊಂಡವು. ತಾಯಿ ಉಳಿಯಿತು. ಸತ್ತವನ್ನು ಮಗಳು ಕಿಚನ್ ಪೇಪರಿನಲ್ಲಿ ಸುತ್ತಿದಳು. ಅವಳು ಅಳಲಿಲ್ಲ. ನನಗೆ ತಡೆಯಲಾಗಲಿಲ್ಲ, ನನ್ನ ನಾಚಿಕೆಗೆ ಅವು ಮೂರು ಬಲಿಯಾದವು ಎನ್ನಿಸಿತು.

ಪೆಟ್ಟಿಗೆಯಿಂದ ತೆಗೆದ ಟವೆಲ್ಲಿನ ತುಂಬ ರಕ್ತವಿತ್ತು. ಕಣ್ಣೊರೆಸಿಕೊಂಡು ಅದನ್ನು ಸಿಂಕಿಗೆ ಹಾಕಿ ಬಿಸಿನೀರು ತಿರುಗಿಸಿದೆ. ಮಗಳು ಕೈ ಚಾಚಿ ನಲ್ಲಿ ನಿಲ್ಲಿಸಿದಳು.

"ಬಿಸಿನೀರು ಹಾಕ್ಬೇಡಮ್ಮ, ಕಲೆ ಕೂತ್ಬಿಡತ್ತೆ. ತಣ್ಣೀರಲ್ಲಿ ನೆನೆಸ್ಬೇಕು."

ಇದು ಹೆಂಗಸರಿಗೆ ಒಂದೆರಡು ಬಟ್ಟೆ ಹಾಳಾದ ಮೇಲೆ ಬರುವ ತಿಳಿವಳಿಕೆ. ನನಗೆ ವಾಶ್‌ಕೆಲ್ಲರ್ ನೆನಪಾಯಿತು. ಹಾಸಿಗೆಯ ಹೊದಿಕೆಗಳು ನೆನಪಾದವು. ನಾನು ಮೈಸೂರಿಗೆ ಮಾಡಿದ ಫೋನ್ ನೆನಪಾಯಿತು. ಯಾವಾಗ ಎಂದು ಕೇಳಿದೆ. ಏನು ಯಾವಾಗ ಎಂದು ಅವಳು ಕೇಳಲಿಲ್ಲ.

"ಯುಗಾದಿ ದಿನ. ನೀನು ಹೋಳಿಗೆ ಮಾಡ್ತಿದ್ದೆ."

"ಆಮೇಲಾದ್ರೂ ಹೇಳ್ಬಾರ್ದಿತ್ತಾ ಪುಟ್ಟಿ?"

ಅವಳು ಟವೆಲ್ಲನ್ನು ನೀರಿನಲ್ಲಿ ಅದುಮುತ್ತಿದ್ದಳು. "ನಾಚಿಕೆ ಆಗಲ್ವಾ ಅಂತ ಕೇಳಿದ್ಯಲ್ಲ," ಎಂದಳು. "ಆಯ್ತು. ಅದಕ್ಕೇ ಹೇಳ್ಲಿಲ್ಲ."

ಮರುದಿನ ಎಳ್ಳು ಹುರಿದು, ಬೆಲ್ಲ ಸೇರಿಸಿ ಕುಟ್ಟಿ ಚಿಗಳಿ ಮಾಡಿದೆ. ನಮ್ಮ ಕಡೆ ಹುಡುಗಿ ದೊಡ್ಡವಳಾದರೆ ಮುತ್ತೈದೆಯರು ಆರತಿ ಎತ್ತಿ ಕೊಡುವ ಉಂಡೆ. ಮುತ್ತೈದೆಯರೂ ಇರಲಿಲ್ಲ, ಆರತಿಯೂ ಇರಲಿಲ್ಲ, ಕಾಲವಂತೂ ಯಾವಾಗಲೋ ಮೀರಿತ್ತು. ಇದು ಯಾಕೆ ಎಂದು ಅವಳು ಕೇಳಿದಳು. ನಾನು ಶಾಲೆಯ ಬಚ್ಚಲಿನಿಂದ ಶುರು ಮಾಡಿ ಹೇಳಿದೆ, ತಡವರಿಸುತ್ತ, ಅವಳ ಮುಖ ನೋಡಲಾಗದೆ. ಕೆಲವು ಪದ ಸಿಗದಿದ್ದಾಗ ಅವಳೇ ಜರ್ಮನ್‌ನಲ್ಲಿ ಒದಗಿಸಿದಳು. ಉಂಡೆ ಪೂರ್ತಿ ತಿಂದು, ಕೈ ತೊಳೆದುಕೊಂಡು, ಡಾಕ್ಟರ ಬಳಿ ಫೆರೆಟ್ ಆಪರೇಷನ್ ವಿಷಯ ಮಾತಾಡುವಾಗ ನಾನು ಅನುವಾದ ಮಾಡುವುದಿಲ್ಲ, ನೀನೇ ಮಾತಾಡಬೇಕು ಎಂದಳು. ಆಯ್ತು ಎಂದೆ. ಮೊದಲು ಡಾಕ್ಟರಮ್ಮನಿಗೆ ತಪ್ಪು ಯಾರದ್ದು ಎಂದು ಹೇಳಬೇಕಿತ್ತು. ಆ ವಾಕ್ಯವನ್ನು ಜರ್ಮನ್‌ನಲ್ಲಿ ಹೇಗೆ ಹೇಳುವುದು ಎಂದು ಅವಳನ್ನೇ ಕೇಳಿ ಬಾಯಿಪಾಠ ಮಾಡಿದೆ.