ಕಿಡಿ ಹುಟ್ಟಗೊಡದ ಕೆಂಪಸಿದ್ದಯ್ಯ

ಸೋಮನಹಳ್ಳಿಯ ಆಚೆ, ಯುದ್ಧಕಾಲದಲ್ಲಿ ಹೊಲಗಳನ್ನು ಸಮತಟ್ಟು ಮಾಡಿದ ವಿಮಾನದ ಬಯಲಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೆಂಪಸಿದ್ದಯ್ಯ ಎರಡು ಬಿಂದಿಗೆ ಉಪ್ಪುನೀರು ತಂದು, ನೆಲಕ್ಕೆ ಹೊಡೆದ, ತಾಮ್ರದ ತಂತಿ ಕಟ್ಟಿದ ಕಬ್ಬಿಣದ ಗೂಟದ ಬುಡಕ್ಕೆ ಸುರಿಯುತ್ತಿದ್ದಾರೆ. ಗಿಡವಿಲ್ಲ, ಬಳ್ಳಿಯಿಲ್ಲ, ಗೂಟಕ್ಕೆ ನೀರು! ಅವರ ಕೆಲಸ ನೋಡಲೆಂದು ಬಂದ ನನಗೆ ನಗು ಬರುತ್ತದೆ. "ನಗಿ ಸಾಮಿ, ನಗಿ. ನೆಲ ಒಣಗುದ್ರೆ ಈ ತಂತಿ ಇದ್ದೂ ಸತ್ತಂಗೆ" ಎಂದು ಅವರೂ ನಗುತ್ತಾರೆ. ನಾನು ಬೀಡಿ ತೆಗೆದಾಗ ಮಾತ್ರ ಮುಖ ಗಂಟಾಗುತ್ತದೆ. "ಅದ್ನ ರಸ್ತೆ ತಾವ್ ಓಗಿ ಸೇದ್ಕೊಂಡ್ ಬನ್ನಿ." ಬೈಸಿಕೊಂಡದ್ದು ನ್ಯಾಯವೇ.

ಎರಡನೇ ಮಹಾಯುದ್ಧ ಮುಗಿದು ವರ್ಷವಾಯಿತು. ಈಗ ಇಲ್ಲಿ ಇಳಿಯುವುದು ಹಾರಾಟ ಕಲಿಯುವವರ ಪುಟ್ಟ ವಿಮಾನಗಳು. ದಿನಕ್ಕೆ ಎರಡು, ಹೆಚ್ಚೆಂದರೆ ಮೂರು; ಒಂದೊಂದಕ್ಕೆ ನಾಲ್ಕು ಗ್ಯಾಲನ್ನಿನ ಮೂರೋ ನಾಲ್ಕೋ ಡಬ್ಬ ಪೆಟ್ರೋಲು. ಲಾಳಿಕೆಯಲ್ಲಿ ತೊಗಲು ಹಾಸಿ, ಸೋಸಿ ಸುರಿಯುವವರು ಮದ್ದೂರಿನ ಮೆಕ್ಯಾನಿಕ್ ಅಫ್ಸರ್ ಪಾಷಾ. ಒಣಗಿದ ಕೂದಲು ಬಾಚುವಾಗ ಚಟಪಟ ಎನ್ನುವುದಿಲ್ಲವೇ, ಪೆಟ್ರೋಲು ತೊಗಲಿನಲ್ಲಿ ಇಳಿಯುವಾಗಲೂ ಹಾಗೆಯೇ ಕರೆಂಟು ಕೂಡಿಕೊಳ್ಳುತ್ತದೆ. ಒಂದು ಕಿಡಿ ಹಾರಿದರೆ ಸಾಕು, ಎಲ್ಲವೂ ಬೆಂಕಿ. ಹಾಗಾಗದಂತೆ ವಿಮಾನ, ಲಾಳಿಕೆ, ಡಬ್ಬ ಮೂರಕ್ಕೂ ತಾಮ್ರದ ತಂತಿ ಸಿಕ್ಕಿಸಿ, ಗೂಟದ ಮೂಲಕ ಆ ಕರೆಂಟನ್ನು ನೆಲಕ್ಕೆ ಇಳಿಸುವುದು ಕೆಂಪಸಿದ್ದಯ್ಯನವರ ಕೆಲಸ. ಟಾಂಕಿಯ ಮುಚ್ಚಳ ತೆರೆಯುವ ಮೊದಲೇ ತಂತಿ ಕಟ್ಟಬೇಕು, ಮುಚ್ಚಿದ ಮೇಲೆಯೇ ಬಿಚ್ಚಬೇಕು.

ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವ ಕಪಿಲೆ ಹೊಡೆಯುತ್ತಿದ್ದ ಈ ಮನುಷ್ಯನಿಗೆ ಇದನ್ನು ಕಲಿಸಿದ್ದು ಒಂದು ಅನಾಹುತ. ಹೋದ ವರ್ಷದ ಆಯುಧಪೂಜೆಗೆ ಗೂಟವನ್ನೂ ತಂತಿಯ ಕ್ಲಿಪ್ಪುಗಳನ್ನೂ ತೊಳೆದು, ಗಾಡಿಗೆ ಬಳಿದು ಉಳಿದಿದ್ದ ಹಸಿರು ಪೇಂಟು ಹಚ್ಚಿ, ಕುಂಕುಮ ಇಟ್ಟು ಕೈಮುಗಿದಿದ್ದರು. ಭಕ್ತಿಗೇನೂ ಕೊರತೆಯಿಲ್ಲ. ಆದರೆ ಪೇಂಟು ದಾಟಿ ಕರೆಂಟು ಇಳಿಯುವುದಿಲ್ಲವಲ್ಲ! ಮಾರನೆಯ ದಿನ ಪಾಷಾ ಡಬ್ಬ ಬಗ್ಗಿಸಿದ್ದೇ ತಡ, ಲಾಳಿಕೆಯ ಬಾಯಲ್ಲಿ ಭಗ್ಗೆಂದಿತು. ಒದ್ದೆ ಗೋಣಿಚೀಲ ಎಸೆದು ಆರಿಸುವಷ್ಟರಲ್ಲಿ ಪಾಷಾ ಅವರ ಬಲಗೈ ಮೊಣಕೈವರೆಗೆ ಬೆಂದಿತ್ತು.

ಕಾರಣ ಯಾರಿಗೂ ಹೊಳೆಯಲಿಲ್ಲ. ಕ್ಲಿಪ್ಪು ಕೆರೆದು, ಪೇಂಟೇ ಅಡ್ಡವಾಗಿದ್ದನ್ನು ಕಂಡ ಕೆಂಪಸಿದ್ದಯ್ಯ ತಾವಾಗಿಯೇ ಮದ್ದೂರಿಗೆ ನಡೆದು ಪಾಷಾ ಮನೆಯ ಬಾಗಿಲಲ್ಲಿ ನಿಂತರು. "ಸುಮ್ಕಿದ್ರೆ ಯಾರ್ಗೂ ಗೊತ್ತಾಯ್ತಿರ್ಲಿಲ್ಲ. ಆದ್ರೆ ಗಂಟ್ಲಲ್ಲಿ ಅನ್ನ ಇಳೀಬೇಕಲ್ಲ? ಪೇಂಟು ಬಳ್ದೋನು ನಾನೇ ಕಣವ್ವಾ ಅಂದ್ಬುಟ್ಟೆ." ಪಾಷಾ ಅವರ ಹೆಂಡತಿ ಶರೀಫುನ್ನೀಸಾ ಗಂಡನನ್ನು ಇನ್ನು ಆ ಬಯಲಿಗೆ ಕಳಿಸುವುದೇ ಇಲ್ಲವೆಂದು ಹಟ ಹಿಡಿದಿದ್ದವರು. ಈ ಮಾತು ಕೇಳಿದ ಮೇಲೆ, "ಕಳಿಸ್ತೀನಿ ಅಣ್ಣಾ. ಆದ್ರೆ ನೀವು ಪಕ್ಕದಲ್ಲಿದ್ರೆ ಮಾತ್ರ" ಎಂದರಂತೆ. ಅಂದಿನಿಂದ ಕೆಂಪಸಿದ್ದಯ್ಯ ಒಂದು ದಿನವೂ ರಜೆ ಹಾಕಿಲ್ಲ.

ಏಳು ಗಂಟೆಗೆ ವಿಮಾನ ಇಳಿಯುತ್ತದೆ. ಪೈಲಟ್ಟಿಗೆ ಎಲ್ಲಿಲ್ಲದ ಅವಸರ. ತಾನೇ ಮುಚ್ಚಳ ತಿರುಗಿಸಲು ಹೋಗುತ್ತಾನೆ. ಕೆಂಪಸಿದ್ದಯ್ಯ ಮುಚ್ಚಳದ ಮೇಲೆ ಅಂಗೈ ಇಡುತ್ತಾರೆ. "ತಂತಿ ಕಟ್ದೆ ತೆಗೆಯಂಗಿಲ್ಲ ಸಾಮಿ."

"ನಿನ್ನ ಮೇಲೆ ದೂರು ಬರೀತೀನಿ. ಕೆಲಸ ಹೋಗತ್ತೆ!"

"ಬರೀರಿ. ಕೆಲ್ಸ ಓದ್ರೆ ಕಪಿಲೆ ಒಡೀತೀನಿ. ಸಾಬ್ರ ಕೈ ಎಲ್ಲಿಂದ ತರ್ಲಿ?"

ಪೈಲಟ್ಟು ಹಿಂದೆ ಸರಿಯುತ್ತಾನೆ. ಕೆಂಪಸಿದ್ದಯ್ಯ ಚಾಕುವಿನಿಂದ ಕ್ಲಿಪ್ಪು ಕೆರೆದು, ಸಿಕ್ಕಿಸಿ, ಎಳೆದು ನೋಡಿ, "ಊಂ, ಬುಡಿ ಸಾಬ್ರೇ" ಎನ್ನುತ್ತಾರೆ. ಪೂರ್ತಿ ಮಡಚಲಾರದ ಬೆರಳುಗಳಲ್ಲೇ ಪಾಷಾ ಡಬ್ಬ ಎತ್ತುತ್ತಾರೆ. "ದೊರೆ ಬಂದು ಹೇಳಿದ್ರೂ ಸುರಿಯಲ್ಲ. ನಮ್ ಕೆಂಪಣ್ಣ ಹೇಳ್ಬೇಕು" ಎಂದು ನನಗೆ ಹೇಳಿ, "ಆಯುಧಪೂಜೆ ದಿನ ಮಾತ್ರ ಪೇಂಟು ಬಚ್ಚಿಡ್ತೀನಿ" ಎಂದು ಗೆಳೆಯನನ್ನು ಕಿಚಾಯಿಸುತ್ತಾರೆ. ನನಗೋ ಇಬ್ಬರಿಗೂ ಕೈಮುಗಿಯಬೇಕೆನಿಸುತ್ತದೆ.

ಹೊರಡುವ ಮುನ್ನ ಪೈಲಟ್ಟು ದೂರು ಬರೆದೇ ಬರೆಯುತ್ತಾನೆ. ನಿಜಕ್ಕೂ ಕೆಲಸ ಹೋದರೆ ಏನು ಮಾಡುತ್ತೀರಿ ಎಂದು ಕೆಂಪಸಿದ್ದಯ್ಯನವರನ್ನು ಕೇಳುತ್ತೇನೆ.

"ಓಗ್ಲಿ ಬುಡಿ. ಆದ್ರೆ ನನ್ ಜಾಗಕ್ ಬರೋನು ಯಾರೇ ಆಗ್ಲಿ, ಅವುನ್ನ ಮೊದ್ಲು ಮದ್ದೂರ್‌ಗೆ ಕರ್ಕೊಂಡೋಯ್ತೀನಿ. ಸಾಬ್ರ ಮನೆಯ ಆ ತಾಯಿ ಮುಂದೆ ನಿಲ್ಲುಸ್ತೀನಿ. ಅವ್ರು ಒಪ್ಪುದ್ರೆ ಮಾತ್ರ ತಂತಿ ಅವನ್ ಕೈಗೆ ಕೊಡೋದು."